ಬಸ್ಸು ಬಾರದ ದಾರಿಯ ತಿರುಮಲೇಶ್ವರ ಮಾಸ್ಟ್ರು

ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ತಿರುಮಲೇಶ್ವರ ಮಾಸ್ಟ್ರಿಗೆ ಬಸ್ಸೆಂದರೆ ಹೆದರಿಕೆ. ಹತ್ತಲು ಹಿಂಜರಿಯುವುದಷ್ಟೇ ಅಲ್ಲ. ದೂರದ ತಿರುವಿನಲ್ಲಿ ಹಾರ್ನ್ ಕೇಳಿದರೆ ಸಾಕು, ಸೈಕಲ್ಲಿನಿಂದ ಇಳಿದು, ಅದನ್ನೂ ಹೆಗಲಿಗೆ ಎತ್ತಿಕೊಂಡು, ರಸ್ತೆ ಬದಿಯ ಚರಂಡಿ ದಾಟಿ ಯಾರದೋ ಗದ್ದೆಯ ಬದುವಿನ ಹುಣಿಯ ಮೇಲೆ ನಿಂತುಬಿಡುತ್ತಿದ್ದರು. ಬಸ್ಸು ಹೋಗಿ, ಅದು ಎಬ್ಬಿಸಿದ ಕೆಂಪು ಧೂಳು ಅಡಗಿ, ಪೆಟ್ರೋಲಿನ ವಾಸನೆ ಪೂರ್ತಿ ಹೋದ ಮೇಲೆಯೇ ಮತ್ತೆ ರಸ್ತೆಗೆ ಇಳಿಯುವುದು. ಅವರ ಶಿಷ್ಯರೇ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ "ನಮಸ್ತೇ ಸಾರ್" ಎಂದು ಕೂಗುತ್ತಿದ್ದರು. ಮಾಸ್ಟ್ರು ಕೈ ಎತ್ತುತ್ತಿದ್ದರು. ನಗಲು ಮಾತ್ರ ಆಗುತ್ತಿರಲಿಲ್ಲ.

ಹುಟ್ಟಿನಿಂದ ಅವರು ಪುಕ್ಕಲರೇನಲ್ಲ. ಕನ್ಯಾನದ ಕಡೆಯವರು; ಚಿಕ್ಕಂದಿನಲ್ಲಿ ಗುಡ್ಡೆ, ತೋಡು, ಮರ ಯಾವುದನ್ನೂ ಬಿಟ್ಟವರಲ್ಲ. ಮದ್ರಾಸಿನಲ್ಲಿ ಚಿತ್ರಕಲೆಯ ಪರೀಕ್ಷೆ ಪಾಸು ಮಾಡಿ ಊರಿಗೆ ಬಂದ ಹೊಸತು. ೧೯೫೨ರ ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಬಂಟ್ವಾಳದಿಂದ ವಿಟ್ಲದ ಕಡೆಗೆ ಹೋಗುವ ಬಸ್ಸು ಹತ್ತಿದರು. ಪಕ್ಕದಲ್ಲಿ ಬೀಫಾತಿಮಾ ಎಂಬ ಮುದುಕಿ ಕೂತಿದ್ದಳು. ಮಗಳ ಮನೆಗೆ ಹೊರಟವಳು. ಮಡಿಲಲ್ಲಿ ಹಪ್ಪಳದ ಕಟ್ಟು. ಅದು ಪುಡಿಯಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಮಗಳ ಸಂಗತಿ, ಅಳಿಯನ ಸಂಗತಿ ಹೇಳುತ್ತಿದ್ದಳು. ಒಂದು ಇಳಿಜಾರಿನಲ್ಲಿ ಡ್ರೈವರನು ಬ್ರೇಕು ಒತ್ತಿದ. ಮತ್ತೊಮ್ಮೆ ಒತ್ತಿದ. ಬಸ್ಸು ನಿಧಾನವಾಗಲಿಲ್ಲ. ಮುಂದಿನ ಸೀಟಿನವರು ಎದ್ದು ನಿಂತರು.

"ಎಂತ ಆಯ್ತು ಮಗಾ?" ಎನ್ನುತ್ತ ಮುದುಕಿ ಹಪ್ಪಳ ಬಿಟ್ಟು ಅವರ ಮಣಿಕಟ್ಟು ಹಿಡಿದಳು.

ಅವರು ಉತ್ತರ ಕೊಡುವಷ್ಟರಲ್ಲಿ ಬಸ್ಸು ತಿರುವಿನಲ್ಲಿ ತಿರುಗದೆ ನೇರ ಹೋಗಿ ಕೆಳಗಿನ ಹೊಂಡಕ್ಕೆ ಮಗುಚಿತ್ತು. ಎಚ್ಚರವಾದಾಗ ಅವರು ಸೀಟಿನ ಕೆಳಗೆ ಸಿಕ್ಕಿಬಿದ್ದಿದ್ದರು. ಎಲ್ಲಿಂದಲೋ ಪೆಟ್ರೋಲು ಹನಿಹನಿಯಾಗಿ ಕುತ್ತಿಗೆಯ ಮೇಲೆ ಬೀಳುತ್ತಿತ್ತು. ಯಾರಾದರೂ ಬೀಡಿ ಹಚ್ಚಿಯಾರು, ಎಲ್ಲಿಂದಾದರೂ ಒಂದು ಕಿಡಿ ಹಾರೀತು ಎಂದು ಕಾಯುತ್ತ, ಕೂಗಲೂ ಹೆದರಿ ಅವರು ಸುಮ್ಮನೆ ಮಲಗಿದ್ದರು. ಮುದುಕಿಯ ಕೈ ಇನ್ನೂ ಅವರ ಮಣಿಕಟ್ಟಿನ ಮೇಲಿತ್ತು. ಮೊದಲು ಬಿಗಿಯಾಗಿತ್ತು, ಆಮೇಲೆ ಸಡಿಲವಾಯಿತು, ಆಮೇಲೆ ತಣ್ಣಗಾಯಿತು. ಜನ ಬಂದು ತಗಡು ಕತ್ತರಿಸಿ ಹೊರಗೆ ಎಳೆದಾಗ ಮಾಸ್ಟ್ರಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಎಂಥ ಅದೃಷ್ಟವಂತ ಎಂದು ಊರೆಲ್ಲ ಹೇಳಿತು.

ಆ ಅದೃಷ್ಟವಂತನಿಗೆ ಆಮೇಲೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡಲು ಆಗಲಿಲ್ಲ. ಪ್ರಯತ್ನಿಸದೆ ಬಿಟ್ಟರೆಂದಲ್ಲ. ಕಣ್ಣು ಮುಚ್ಚಿ ನೋಡಿದರು, ದೇವರ ಹೆಸರು ಹೇಳಿ ನೋಡಿದರು. ಕಾಲು ಮರಗಟ್ಟುತ್ತಿತ್ತು, ಮೈಯೆಲ್ಲ ಬೆವರು, ಕೊನೆಗೆ ವಾಂತಿ. ಅವರ ಮದುವೆಗೆ ದಿಬ್ಬಣವೆಲ್ಲ ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋದರೆ, ಮದುಮಗ ಬೆಳಗ್ಗೆ ಬೇಗ ಹೊರಟು, ಗದ್ದೆಯ ಬದಿ, ಗುಡ್ಡೆಯ ಬದಿ ಹಿಡಿದು ಸೈಕಲ್ಲಿನಲ್ಲಿ ಬಂದ. ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಂಡರು. ಮದುಮಗಳು ಶ್ರೀಮತಿ ಮಾತ್ರ ಧೂಳು ತುಂಬಿದ ಅವರ ಕಾಲಿಗೆ ಎರಡು ಚೆಂಬು ನೀರು ಹೆಚ್ಚಿಗೆ ಕೊಡಿಸಿದಳಂತೆ.

ಮೂಡುಬಿದಿರೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಅವರಿಗೆ ಹೇಮಚಂದ್ರರ ಪರಿಚಯವಾಯಿತು. ಹೇಮಚಂದ್ರರು ಅಲ್ಲಿಯ ಹಳೆಯ ಜೈನ ಮನೆತನದವರು. ಪೇಟೆಯಲ್ಲಿ ಜವಳಿ ಅಂಗಡಿ, ಒಂದು ಬಸದಿಯ ಉಸ್ತುವಾರಿಯೂ ಅವರ ಮನೆಯದ್ದೇ. ದೊಡ್ಡ ದನಿ, ದೊಡ್ಡ ನಗು, ಯಾವುದಕ್ಕೂ ಹೆದರದ ಮನುಷ್ಯ. ಮಾಸ್ಟ್ರು ಹುಣಿಯ ಮೇಲೆ ಸೈಕಲ್ ಹೊತ್ತು ನಿಂತದ್ದನ್ನು ಒಮ್ಮೆ ಕಂಡು, ತಾವೂ ಸೈಕಲ್ಲಿನಿಂದ ಇಳಿದು ಪಕ್ಕಕ್ಕೆ ಬಂದು ನಿಂತರು. ಬಸ್ಸು ಹೋಯಿತು. ಆಮೇಲೆ ಹೇಳಿದರು:

"ಮಾಸ್ಟ್ರೆ, ನಿಮಗೆ ಬಸ್ಸು ಇಲ್ಲದ ರಸ್ತೆ ಬೇಕು. ನನಗೆ ಯಾರೂ ಹೋಗದ ಹಳೇ ಬಸದಿಗಳನ್ನೆಲ್ಲ ಒಮ್ಮೆ ನೋಡ್ಬೇಕು ಅಂತ ಆಸೆ. ಎರಡೂ ಒಂದೇ ದಾರಿಯಲ್ಲಿ ಉಂಟು. ರಜೆಯಲ್ಲಿ ಹೋಗುವನಾ?"

ಹೀಗೆ ಶುರುವಾಯಿತು ಇಬ್ಬರ ಸೈಕಲ್ ಸವಾರಿ. ಪ್ರತಿ ಬೇಸಿಗೆ ರಜೆಯಲ್ಲಿ ಮೂಡುಬಿದಿರೆಯಿಂದ ಹೊರಟು, ಫಲ್ಗುಣಿ ಹೊಳೆಯ ಬದಿ ಹಿಡಿದು ವೇಣೂರು, ಅಲ್ಲಿಂದ ಬೆಳ್ತಂಗಡಿ, ಅಲ್ಲಿಂದ ನೇತ್ರಾವತಿಯ ಬದಿಯಲ್ಲಿ ಇಳಿಯುತ್ತ ಬಂಟ್ವಾಳ, ಶ್ರೀಮತಿಯ ತವರುಮನೆಗೆ. ದೊಡ್ಡ ರಸ್ತೆಯನ್ನು ಆದಷ್ಟು ಬಿಟ್ಟು, ಘಟ್ಟದಿಂದ ಅಕ್ಕಿ, ಮೆಣಸು ಹೊತ್ತು ಹೇರಿನ ಎತ್ತುಗಳು ಇಳಿಯುತ್ತಿದ್ದ ಕಾಲದ ಹಾದಿಗಳಲ್ಲಿ ಹೋಗುತ್ತಿದ್ದರು. ಅರಸರು ಹೋಗಿ ಎಷ್ಟೋ ಕಾಲವಾಗಿದ್ದರೂ ಅವರು ಹಾಸಿದ ಕಲ್ಲುಗಳು ಅಲ್ಲಲ್ಲಿ ಇನ್ನೂ ಇದ್ದವು. ಚಕ್ರ ಅವುಗಳ ಮೇಲೆ ಹತ್ತಿದಾಗ ಹಲ್ಲು ಕಟಕಟ ಎನ್ನುತ್ತಿತ್ತು. ಒಂದು ಹಗಲು ಪೂರ್ತಿ ಸಾಗಿದರೂ ಎದುರಿಗೆ ಸಿಕ್ಕುವುದು ಒಂದು ಎತ್ತಿನ ಗಾಡಿ, ತಲೆಯ ಮೇಲೆ ಸೊಪ್ಪು ಹೊತ್ತ ನಾಲ್ಕು ಹೆಂಗಸರು, ಅಷ್ಟೆ. ಹೇಮಚಂದ್ರರು ಬಸದಿಯೊಳಗೆ ದರ್ಶನ ಮಾಡುವಾಗ ಮಾಸ್ಟ್ರು ಹೊರಗೆ ಕೂತು ಕಂಬದ ಕೆತ್ತನೆ ಬರೆದುಕೊಳ್ಳುತ್ತಿದ್ದರು. ನೀರನ್ನು ಬಟ್ಟೆಯಲ್ಲಿ ಸೋಸದೆ ಹೇಮಚಂದ್ರರು ಕುಡಿಯುವವರಲ್ಲ. ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಹಾಗಾಗಿ ಸಂಜೆಯಾಗುವ ಮೊದಲೇ ಯಾವುದಾದರೂ ಮನೆಯ ಜಗಲಿ ಸೇರಿಬಿಡುತ್ತಿದ್ದರು. ಕತ್ತಲಲ್ಲಿ ಸಾಗುವ ಪ್ರಮೇಯ ಬರದಿದ್ದದ್ದು ಮಾಸ್ಟ್ರಿಗೂ ಸಮಾಧಾನವೇ.

ಸಮಾಧಾನ ಎಂದರೆ ಅವರ ಮಟ್ಟಿನದು. ಒಂದು ಹೆದರಿಕೆ ಮೈಗೆ ಹೊಕ್ಕರೆ ಅದು ತನ್ನ ನೆಂಟರನ್ನೆಲ್ಲ ಕರೆತರುತ್ತದೆ. ಇಳಿಜಾರು ಬಂದರೆ ಮಾಸ್ಟ್ರು ಸೈಕಲ್ ತಳ್ಳಿಕೊಂಡೇ ಇಳಿಯುತ್ತಿದ್ದರು. ಅಡಿಕೆ ಮರದ ಕಾಲುಸಂಕ ದಾಟುವಾಗ ಕೆಳಗಿನ ನೀರು ನೋಡುತ್ತಿರಲಿಲ್ಲ. ಬ್ರೇಕಿನ ರಬ್ಬರನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದರು. ಹೇಮಚಂದ್ರರೋ, ಎರಡೂ ಕೈ ಬಿಟ್ಟು ಇಳಿಜಾರಿನಲ್ಲಿ ಹಾರಿ ಹೋಗಿ, ಕೆಳಗೆ ನಿಂತು, "ಬನ್ನಿ ಮಾಸ್ಟ್ರೆ, ನಿಧಾನ ಬನ್ನಿ, ಬಸದಿ ಎಲ್ಲಿಗೂ ಓಡಿ ಹೋಗುದಿಲ್ಲ" ಎಂದು ಕೂಗುತ್ತಿದ್ದರು.

೧೯೬೦ರ ಏಪ್ರಿಲ್‌ನಲ್ಲಿ ಹೇಮಚಂದ್ರರಿಗೆ ನೆರಿಯದ ಕಡೆಗೆ ಹೋಗುವ ಮನಸ್ಸಾಯಿತು. ಅಲ್ಲಿಯ ಕಾಡಿನ ಅಂಚಿನಲ್ಲಿ, ಹೊಳೆಯ ಆಚೆ ದಡದಲ್ಲಿ, ಚಾವಣಿ ಬಿದ್ದುಹೋದ ಒಂದು ಸಣ್ಣ ಬಸದಿ ಉಂಟೆಂದು ಯಾರೋ ಹೇಳಿದ್ದರು. ಮಾಸ್ಟ್ರಿಗೆ ಮನಸ್ಸಿರಲಿಲ್ಲ.

"ಅದು ಕಾಡು ಅಲ್ವಾ? ಅಲ್ಲಿ ಮನೆಗಳು ಕೂಡ ದೂರ ದೂರ."

"ಬಸ್ಸು ಅಂತೂ ಬರುದಿಲ್ಲ ಮಾರಾಯ್ರೆ. ಬಸ್ಸಿಗೆ ಹೋಗ್ಲಿಕ್ಕೆ ರಸ್ತೆಯೇ ಇಲ್ಲ. ಮತ್ತೆಂತ ಬೇಕು ನಿಮಗೆ?"

ಬೆಳ್ತಂಗಡಿಯಲ್ಲಿ ಉಳಿದು, ಮರುದಿನ ಬೆಳಗ್ಗೆ ಗಡಾಯಿಕಲ್ಲು ಬೆಟ್ಟದ ನೆತ್ತಿಯ ಮೇಲೆ ಬಿಸಿಲು ಬೀಳುವಾಗ ಹೊರಟರು. ಚಾರ್ಮಾಡಿಯ ರಸ್ತೆಯನ್ನು ಸ್ವಲ್ಪ ದೂರ ಹಿಡಿಯಲೇಬೇಕಾಗಿತ್ತು. ಮರದ ದಿಮ್ಮಿ ತುಂಬಿದ ಲಾರಿಯೊಂದು ಘಟ್ಟದ ಬುಡದಿಂದ ಬರುವುದು ಕೇಳಿ ಮಾಸ್ಟ್ರು ಯಥಾಪ್ರಕಾರ ಗುಡ್ಡೆ ಹತ್ತಿ ನಿಂತರು. ಲಾರಿ ನೆಲ ನಡುಗಿಸುತ್ತ ಹೋಯಿತು. ಆಮೇಲೆ ಇಬ್ಬರೂ ಎಡ ಬಲ ನೋಡಿ, ರಸ್ತೆ ಬಿಟ್ಟು, ನೆರಿಯದ ಕಾಡುಹಾದಿಗೆ ತಿರುಗಿದರು.

ಹಾದಿ ಚೆನ್ನಾಗಿಯೇ ಇತ್ತು. ಒಣಗಿದ ಎಲೆಯ ಮೇಲೆ ಚಕ್ರ ಉರುಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೊಳೆ ಬೇಸಿಗೆಗೆ ಬತ್ತಿ, ಬಂಡೆಗಳ ನಡುವೆ ಅಲ್ಲಲ್ಲಿ ಹೊಂಡವಾಗಿ ನಿಂತಿತ್ತು. ಆದರೆ ಮಾಸ್ಟ್ರಿಗೆ ಯಾಕೋ ಆ ನಿಶ್ಶಬ್ದವೇ ಸರಿಬರಲಿಲ್ಲ. ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು. ಮೇಲೆ ನೋಡಲಿಲ್ಲ. ಹೇಮಚಂದ್ರರೇ ಮೊದಲು ಸೈಕಲ್ ನಿಲ್ಲಿಸಿ ಕತ್ತೆತ್ತಿದ್ದು.

"ಮಾಸ್ಟ್ರೆ, ಅಲ್ಲಿ ಕಾಣಿ. ಎಷ್ಟು ಉಂಟು!"

ಹೊಳೆಯ ದಡದಲ್ಲಿ, ಹಾದಿಗೆ ಬಾಗಿದಂತೆ ಒಂದು ಭಾರೀ ಮರ. ಅದರ ಮೇಲಿನ ಕೊಂಬೆಗಳಿಂದ ಹೆಜ್ಜೇನಿನ ತಟ್ಟಿಗಳು ತೂಗುತ್ತಿದ್ದವು. ಒಂದಲ್ಲ ಎರಡಲ್ಲ, ಕೊಂಬೆ ಕೊಂಬೆಗೆ, ಕರಿ ಕಂಬಳಿ ಒಣಗಲು ಹಾಕಿದ ಹಾಗೆ. ಅವುಗಳ ಮೇಲೆ ಆಗಾಗ ಒಂದು ಅಲೆ ಓಡುತ್ತಿತ್ತು; ಸಾವಿರಾರು ರೆಕ್ಕೆಗಳು ಒಟ್ಟಿಗೆ ನಡುಗಿ ಮತ್ತೆ ಸುಮ್ಮನಾಗುತ್ತಿದ್ದವು.

"ತಿರುಗಿ ಹೋಗುವ," ಎಂದರು ಮಾಸ್ಟ್ರು.

"ನಾವು ಎಂತ ಮಾಡಿದ್ದೇವೆ ಅವಕ್ಕೆ? ಸುಮ್ಮನೆ ದಾಟಿ ಹೋಗುವ. ಬಸದಿ ಇಲ್ಲೇ ಎಲ್ಲೋ ಇರಬೇಕು."

ಹೇಮಚಂದ್ರರು ಇನ್ನೂ ಮೇಲೆ ನೋಡುತ್ತಿದ್ದಾಗಲೇ ಆಕಾಶದಿಂದ ಒಂದು ಗಿಡುಗ ಕಲ್ಲು ಬಿದ್ದ ಹಾಗೆ ಬಿದ್ದು, ಒಂದು ತಟ್ಟಿಗೆ ಕಾಲು ಹಾಕಿ, ಮೇಣದ ತುಂಡು ಹರಿದುಕೊಂಡು ಹಾರಿತು. ಉಳಿದ ತಟ್ಟಿ ಕಳಚಿ ಕೊಂಬೆಯಿಂದ ಕೊಂಬೆಗೆ ಬಡಿಯುತ್ತ ಹಾದಿಯ ಮೇಲೆಯೇ ಬಿತ್ತು.

ಮುಂದಿನದು ಮಾಸ್ಟ್ರಿಗೆ ಪೂರ್ತಿ ನೆನಪಿಲ್ಲ. ಮೊದಲು ಒಂದು ಸದ್ದು ಕೇಳಿತು, ಇಳಿಜಾರಿನಲ್ಲಿ ಹತೋಟಿ ತಪ್ಪಿದ ದೊಡ್ಡ ಯಂತ್ರದ ಸದ್ದಿನಂಥದು. ಆ ಸದ್ದಿಗೆ ಅವರ ದೇಹ ಏಳೆಂಟು ವರ್ಷಗಳಿಂದ ಏನು ಮಾಡಿ ರೂಢಿಯೋ ಅದನ್ನೇ ಮಾಡಿತು: ಹಾದಿ ಬಿಟ್ಟು ಹಾರಿತು. ಸೈಕಲ್ ಒಂದು ಕಡೆ, ಅವರೊಂದು ಕಡೆ, ಬಂಡೆಗಳ ಮೇಲಿಂದ ಜಾರಿ ಹೊಳೆಯ ಹೊಂಡಕ್ಕೆ ಬಿದ್ದರು. ಮೂಗು ಬಿಟ್ಟು ಉಳಿದೆಲ್ಲ ನೀರಿನೊಳಗೆ. ಹಣೆಯ ಮೇಲೆ, ಕಿವಿಯ ಮೇಲೆ ಕಾದ ಸೂಜಿ ಚುಚ್ಚಿದ ಹಾಗಾಯಿತು. ಮುಳುಗಿದರು. ಎದ್ದರು. ಮತ್ತೆ ಮುಳುಗಿದರು.

ಎದ್ದಾಗ ಹೇಮಚಂದ್ರರ ಕೂಗು ಕೇಳಿತು.

ಆ ದೊಡ್ಡ ದನಿ ಮಗುವಿನ ದನಿಯಾಗಿತ್ತು. ಅವರು ಹಾದಿಯಲ್ಲೇ ಇದ್ದರು. ಓಡುವಾಗ ಪಂಚೆ ಸೈಕಲ್ಲಿನ ಚೈನಿಗೆ ಸಿಕ್ಕಿ, ಸೈಕಲ್ ಸಮೇತ ಬಿದ್ದಿದ್ದರು. ಬಿಳಿ ಜುಬ್ಬ ಕಾಣುತ್ತಿರಲಿಲ್ಲ. ಕಂದು ಬಣ್ಣದ ಏನೋ ಒಂದು ನೆಲದ ಮೇಲೆ ಹೊರಳುತ್ತಿತ್ತು. ನೀರಿನಿಂದ ಏಳಬಾರದು ಎಂದು ಮೈಯ ಒಂದೊಂದು ಎಲುಬೂ ಹೇಳುತ್ತಿತ್ತು. ಕುತ್ತಿಗೆಯಿಂದ ಇಳಿಯುತ್ತಿದ್ದ ನೀರು ಪೆಟ್ರೋಲಿನ ಹಾಗೆ ನಾರಿತು. ಅದು ನೀರೇ ಎಂದು ಗೊತ್ತಿದ್ದೂ ನಾರಿತು.

ಸೈಕಲ್ಲಿನ ಕೇರಿಯರಿನಲ್ಲಿ ಕಟ್ಟಿದ್ದ ಕಂಬಳಿ ಬಂಡೆಯ ಸಂದಿನಲ್ಲಿ ಬಿದ್ದಿತ್ತು. ಅದನ್ನು ಎಳೆದು, ನೀರಿನಲ್ಲಿ ಅದ್ದಿ, ತಲೆಯ ಮೇಲೆ ಹೊದ್ದು ಅವರು ಮೇಲೆ ಹತ್ತಿದರು. ಧೈರ್ಯ ಬಂದು ಹತ್ತಿದ್ದಲ್ಲ. ಹತ್ತುವಾಗ ಪೂರ್ತಿ ಬಾಯಿಬಿಟ್ಟು ಅಳುತ್ತಿದ್ದರು. ಹೇಮಚಂದ್ರರ ಮೇಲೆ ಬಿದ್ದು ಕಂಬಳಿಯನ್ನು ಇಬ್ಬರ ಮೇಲೂ ಎಳೆದುಕೊಂಡು, ಪಂಚೆಯನ್ನು ಹರಿದು ಬಿಡಿಸಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ತೆವಳುತ್ತ, ಉರುಳುತ್ತ ಮರದಿಂದ ದೂರ ಬಂದರು. ಕಂಬಳಿಯೊಳಗೆ ಸೇರಿದ್ದ ಹುಳುಗಳು ಕಚ್ಚುತ್ತಲೇ ಇದ್ದವು. ಎಷ್ಟು ಹೊತ್ತಾಯಿತೋ, ಸದ್ದು ಮೆಲ್ಲ ಮೆಲ್ಲನೆ ಹಿಂದೆ ಉಳಿಯಿತು.

ಕಂಬಳಿ ಸರಿಸಿದಾಗ ಹೇಮಚಂದ್ರರ ಮುಖ ಗುರುತು ಸಿಗಲಿಲ್ಲ. ಕಣ್ಣು ಮುಚ್ಚಿಹೋಗಿತ್ತು, ತುಟಿ ಬೀಗಿತ್ತು. ಹುಳುಗಳು ಬಿಟ್ಟ ಮುಳ್ಳುಗಳು ಗಡ್ಡದ ಕೂಳೆಯ ಹಾಗೆ ಕೆನ್ನೆಯ ಮೇಲೆಲ್ಲ ನಿಂತಿದ್ದವು. ಎರಡು ಸಲ ವಾಂತಿ ಮಾಡಿದರು. ಉಸಿರು ಒಳಗೆ ಹೋಗುವಾಗ ಸಿಳ್ಳೆಯಂಥ ಸದ್ದು.

"ಮಾಸ್ಟ್ರೆ... ಗಂಟಲು ಕಟ್ತಾ ಉಂಟು."

"ಮಾತಾಡ್ಬೇಡಿ. ಬಸದಿ ಇನ್ನೊಮ್ಮೆ ನೋಡುವ. ಈಗ ಹೋಗುವ, ಹೋಗುವ."

ಹೋಗುವುದು ಎಲ್ಲಿಗೆ? ಮಾಸ್ಟ್ರು ಬಾಯಿಗೆ ಕೈ ಹಿಡಿದು ಕೂಗಿದರು. ಕಾಡು ಆ ಕೂಗನ್ನು ನುಂಗಿ ಸುಮ್ಮನಾಯಿತು. ಇನ್ನೊಮ್ಮೆ ಕೂಗಿದರು. ಯಾರೂ ಇಲ್ಲದ ಹಾದಿ ಬೇಕೆಂದು ಹುಡುಕಿ ಹುಡುಕಿ ಬಂದ ಹಾದಿ ಅದು, ಯಾರೂ ಇರಲಿಲ್ಲ.

ಹೊಳೆಬದಿಗೆ ಬಾಗಿಕೊಂಡು ಹೋಗಿ ತಮ್ಮ ಸೈಕಲ್ ಎತ್ತಿ ತಂದರು. ಹ್ಯಾಂಡಲ್ ಸೊಟ್ಟಗಾಗಿತ್ತು, ಮುಂದಿನ ಚಕ್ರವನ್ನು ಕಾಲ ನಡುವೆ ಹಿಡಿದು ತಿರುಚಿ ನೇರ ಮಾಡಿದರು. ಹೇಮಚಂದ್ರರನ್ನು ಕೇರಿಯರಿನ ಮೇಲೆ ಕೂರಿಸಿ, ತಾವು ಹೆಗಲಿಗೆ ಸುತ್ತಿದ್ದ ಶಾಲನ್ನು ಅವರ ಬೆನ್ನಿಂದ ತಂದು ತಮ್ಮ ಸೊಂಟಕ್ಕೆ ಬಿಗಿದು ಕಟ್ಟಿ, ಪೆಡಲು ತುಳಿದರು. ದಪ್ಪ ಮೈಯ ಮನುಷ್ಯ. ಸೈಕಲ್ ಎಡಕ್ಕೂ ಬಲಕ್ಕೂ ತೂಗಾಡಿತು. ಇಳಿಜಾರು ಬಂತು. ಮಾಸ್ಟ್ರು ಇಳಿಯಲಿಲ್ಲ, ಇಳಿದರೆ ಮತ್ತೆ ಹತ್ತಿಸಲು ಆಗದು. ಬ್ರೇಕಿನ ಮೇಲೆ ಬೆರಳು ಇಟ್ಟುಕೊಂಡು, ಹಲ್ಲು ಕಚ್ಚಿಕೊಂಡು, ಬೇರುಗಳ ಮೇಲೆ ಹಾರುತ್ತ ಇಳಿದರು. ಬೆನ್ನಿಗೆ ಒರಗಿದ್ದ ತಲೆಯಿಂದ ಆ ಸಿಳ್ಳೆ ಬರುತ್ತಲೇ ಇತ್ತು. ಅದು ಬರುವಾಗ ಹೆದರಿಕೆ. ಒಂದು ಕ್ಷಣ ನಿಂತರೆ ಇನ್ನೂ ಹೆದರಿಕೆ. ಹೇಮಚಂದ್ರರ ಕೈ ಮೊದಲು ಅವರ ಅಂಗಿಯನ್ನು ಬಿಗಿಯಾಗಿ ಹಿಡಿದಿತ್ತು. ಆಮೇಲೆ ಆ ಹಿಡಿತ ಸಡಿಲವಾಗತೊಡಗಿತು.

"ಹೇಮಚಂದ್ರರೇ, ಬಿಡಬೇಡಿ! ಗಟ್ಟಿ ಹಿಡೀರಿ! ಕೇಳ್ತದಾ? ನನ್ನ ಅಂಗಿ ಹರಿದ್ರೂ ಅಡ್ಡಿಲ್ಲ, ಗಟ್ಟಿ ಹಿಡೀರಿ!"

ಚಾರ್ಮಾಡಿಯ ರಸ್ತೆ ಮುಟ್ಟಿದಾಗ ಅದೂ ಖಾಲಿ. ಬಿಸಿಲು ಮಾತ್ರ ಉದ್ದಕ್ಕೂ ಬಿದ್ದಿತ್ತು. ಮಾಸ್ಟ್ರು ಹೇಮಚಂದ್ರರನ್ನು ನೆರಳಿನಲ್ಲಿ ಮಲಗಿಸಿ ರಸ್ತೆಯ ಮಧ್ಯೆ ನಿಂತು ಕಿವಿಗೊಟ್ಟರು. ಬಾ, ಯಾವುದಾದರೂ ಬಾ ಎಂದು ತಮ್ಮ ಮನಸ್ಸೇ ಹೇಳುವುದು ಕೇಳಿ ಅವರಿಗೆ ಆಶ್ಚರ್ಯವಾಯಿತು. ಆಮೇಲೆ ಘಟ್ಟದ ಕಡೆಯಿಂದ ಆ ಸದ್ದು ಬಂದಾಗ ಕಾಲು ತನ್ನಷ್ಟಕ್ಕೇ ಗುಡ್ಡೆಯ ಕಡೆಗೆ ತಿರುಗಿತು. ಕಾಲನ್ನು ಬಲವಂತದಿಂದ ಅಲ್ಲಿಯೇ ನಿಲ್ಲಿಸಿದರು. ದಿಮ್ಮಿ ಹೊತ್ತ ಲಾರಿ ತಿರುವಿನಿಂದ ಹೊರಬಂದು, ಹಾರ್ನ್ ಹೊಡೆದು ಹೊಡೆದು, ಅವರ ಎದೆಯ ಹತ್ತಿರಕ್ಕೆ ಬಂದು ನಿಂತಿತು. ಇಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯಿತು.

"ಸಾಯ್ಲಿಕ್ಕೆ ಬೇರೆ ಜಾಗ ಸಿಗ್ಲಿಲ್ವಾ ಮಾರಾಯ?" ಎನ್ನುತ್ತ ಡ್ರೈವರ್ ಸುಬ್ಬಪ್ಪ ತಲೆ ಹೊರಗೆ ಹಾಕಿದ. ಮಾಸ್ಟ್ರ ಮುಖ ನೋಡಿದ, ನೆರಳಿನಲ್ಲಿ ಮಲಗಿದ್ದವರನ್ನು ನೋಡಿದ. ದನಿ ಬದಲಾಯಿತು. "ಅಯ್ಯೋ, ಹೆಜ್ಜೇನಾ? ಎತ್ತಿ, ಎತ್ತಿ. ಬೇಗ."

ಇಬ್ಬರೂ ಸೇರಿ ಹೇಮಚಂದ್ರರನ್ನು ಡ್ರೈವರನ ಪಕ್ಕದ ಸೀಟಿಗೆ ಎತ್ತಿದರು. ಅವರು ಕುಳಿತಲ್ಲಿ ನಿಲ್ಲದೆ ಬಾಗಿಲ ಕಡೆಗೆ ಜಾರಿದರು.

"ಹಿಡ್ಕೊಳ್ಳಿಕ್ಕೆ ಜನ ಬೇಕು. ನೀವು ಹತ್ತಿ," ಎಂದ ಸುಬ್ಬಪ್ಪ.

ಮಾಸ್ಟ್ರು ಮೆಟ್ಟಿಲ ಮುಂದೆ ನಿಂತರು. ಕಬ್ಬಿಣದ ಒಂದು ಮೆಟ್ಟಿಲು, ಮಧ್ಯದಲ್ಲಿ ಸವೆದು ಹೊಳೆಯುತ್ತಿತ್ತು. ಪೆಟ್ರೋಲಿನ ವಾಸನೆ. ಮೊಣಕಾಲಿನ ಕೆಳಗೆ ಕಾಲು ಇದ್ದಂತೆಯೇ ಅನಿಸಲಿಲ್ಲ.

"ನಾನು... ನಾನು ಸೈಕಲ್ಲಿನಲ್ಲಿ ಹಿಂದೆ ಬರ್ತೇನೆ."

"ಎಂತ ಹೇಳ್ತೀರಿ ನೀವು? ಇವ್ರು ದಾರಿಯಲ್ಲಿ ಹೊರಗೆ ಬಿದ್ರೆ? ನನಗೆ ಎರಡು ಕೈ ಇರುದು, ಎರಡೂ ಸ್ಟೇರಿಂಗಿಗೆ ಬೇಕು."

ಹೇಮಚಂದ್ರರ ಬೀಗಿದ ಕೈ ಸೀಟಿನಿಂದ ಹೊರಗೆ ತೂಗುತ್ತಿತ್ತು. ಮಾಸ್ಟ್ರು ಆ ಕೈ ಹಿಡಿದರು. ಬಿಸಿಯಾಗಿತ್ತು. ಆ ಕೈಯನ್ನೇ ಹಿಡಿದು, ಕಾಲಿನಿಂದಲ್ಲ, ತೋಳಿನ ಬಲದಿಂದ ತಮ್ಮನ್ನು ಮೇಲಕ್ಕೆ ಎಳೆದುಕೊಂಡರು. ಬಾಗಿಲು ದಡಕ್ಕನೆ ಮುಚ್ಚಿತು.

ಅಲ್ಲಿಂದ ಬೆಳ್ತಂಗಡಿಯವರೆಗಿನ ದಾರಿ ಮಾಸ್ಟ್ರ ಪಾಲಿಗೆ ಮುಗಿಯದ ದಾರಿ. ಹಿಂದೆ ದಿಮ್ಮಿಗಳು ಸರಪಳಿಗೆ ಜಗ್ಗಿ ಕಿರುಗುಟ್ಟುತ್ತಿದ್ದವು. ಪ್ರತಿ ಇಳಿಜಾರಿನಲ್ಲಿ ಅವರು ಸುಬ್ಬಪ್ಪನ ಕಾಲನ್ನೇ ನೋಡುತ್ತಿದ್ದರು. ಅವನು ಬ್ರೇಕು ಒತ್ತುವ ಮೊದಲೇ ತಮ್ಮ ಕಾಲನ್ನು ಬರಿ ತಗಡಿಗೆ ಒತ್ತುತ್ತಿದ್ದರು. ಎರಡು ಸಲ ತಲೆ ಹೊರಗೆ ಹಾಕಿ ವಾಂತಿ ಮಾಡಿದರು. ಹೇಮಚಂದ್ರರನ್ನು ತಬ್ಬಿದ್ದ ಕೈ ಮಾತ್ರ ಬಿಡಲಿಲ್ಲ. ಸಿಳ್ಳೆಯಂಥ ಆ ಉಸಿರಿಗೆ ಕಿವಿ ಇಟ್ಟುಕೊಂಡೇ ಇದ್ದರು. ಮುಂಡಾಜೆ ದಾಟಿದ ಮೇಲೆ ಒಂದು ಕಿರುಸೇತುವೆಯ ಬಳಿ ಎದುರಿನಿಂದ ಬಸ್ಸು ಬಂತು. ಸುಬ್ಬಪ್ಪ ಸರಕ್ಕನೆ ಬದಿಗೆ ಎಳೆದ. ದಿಮ್ಮಿಗಳು ಒಟ್ಟಿಗೆ ಒಂದು ಪಕ್ಕಕ್ಕೆ ವಾಲಿದವು, ಲಾರಿಯೂ ವಾಲಿತು. ಮಾಸ್ಟ್ರು ಕಿರುಚಿದರು. ತಾವು ಕಿರುಚಿದ್ದು ಅವರಿಗೆ ಗೊತ್ತಾದದ್ದು ಸುಬ್ಬಪ್ಪ ಮಾತಾಡಿದಾಗ.

"ಹೆದರ್ಬೇಡಿ ಮಾರಾಯ್ರೆ. ಬಂತು, ಪೇಟೆ ಬಂತು."

ಬೆಳ್ತಂಗಡಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು, ಬ್ಲೇಡಿನ ಬದಿಯಿಂದ ಒಂದೊಂದೇ ಮುಳ್ಳು ಹೆರೆದು ತೆಗೆಯತೊಡಗಿದರು. ಸ್ವಲ್ಪ ಹೊತ್ತಿಗೆ ಸಿಳ್ಳೆಯ ಸದ್ದು ಕಡಿಮೆಯಾಯಿತು. ಮಾಸ್ಟ್ರು ಹೊರಗಿನ ಬೆಂಚಿನ ಮೇಲೆ ಕೂತು, ತಮಗೂ ಎಷ್ಟೋ ಕಡೆ ಕಚ್ಚಿದೆಯೆಂದು ಆಗ ಕಂಡುಕೊಂಡರು.

ಅಪಾಯ ಅಂದಿಗೇ ಮುಗಿಯಲಿಲ್ಲ. ಆಮೇಲಿನ ದಿನಗಳಲ್ಲಿ ಜ್ವರ ಏರಿತು, ಮೂತ್ರ ಕಂದು ಬಣ್ಣಕ್ಕೆ ತಿರುಗಿತು, ಡಾಕ್ಟರು ಮಾತು ಕಡಿಮೆ ಮಾಡಿದರು. ಹೇಮಚಂದ್ರರ ಹೆಂಡತಿ ಅನಂತಮತಿ ಮೂಡುಬಿದಿರೆಯಿಂದ ಬಂದು ಮಂಚದ ಬದಿಯಲ್ಲಿ ಕೂತಳು. ಮಾಸ್ಟ್ರಿಗೆ ಅವಳ ಮುಖ ನೋಡಲು ಧೈರ್ಯವಿರಲಿಲ್ಲ. ಗಂಡನ ಉಸಿರು ಸರಿಯಾಗಿ, ಜ್ವರ ಇಳಿದ ದಿನ ಅವಳೇ ಹೊರಗೆ ಬಂದಳು.

"ನೀವು ಲಾರಿಯಲ್ಲಿ ಕೂತಿರಂತೆ, ಹೌದಾ?"

"ಕೂತೆ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, ಅಲ್ಲಿಯವರೆಗೆ ತಡೆದಿದ್ದ ಅಳುವನ್ನೆಲ್ಲ ಅಲ್ಲೇ ಗೋಡೆಗೆ ಒರಗಿ ಅತ್ತಳು.

ಸುಬ್ಬಪ್ಪ ಎರಡೂ ಸೈಕಲ್‌ಗಳನ್ನು ಹುಡುಕಿ ದಿಮ್ಮಿಗಳ ಮೇಲೆ ಕಟ್ಟಿ ತಂದುಕೊಟ್ಟ. ಬಂಟ್ವಾಳದವರೆಗೆ ಬಿಡುತ್ತೇನೆ ಎಂದೂ ಹೇಳಿದ. ಮಾಸ್ಟ್ರು ಅವನ ಎರಡೂ ಕೈ ಹಿಡಿದು, ಬೇಡವೆಂದು ತಲೆಯಾಡಿಸಿ, ಸೈಕಲ್ ಹತ್ತಿ ಹೊಳೆಬದಿಯಲ್ಲೇ ಇಳಿದು ಬಂಟ್ವಾಳಕ್ಕೆ ಬಂದರು.

ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಮಾವನ ಮನೆಯಲ್ಲಿ ಎಲ್ಲರಿಗೂ ಸಂತೋಷ: ಇನ್ನು ಅಳಿಯನ ಹೆದರಿಕೆ ಹೋಯಿತು, ಮೂಡುಬಿದಿರೆಗೆ ಗಂಡ ಹೆಂಡತಿ ಬಸ್ಸಿನಲ್ಲೇ ಹೋಗಬಹುದು. ಶ್ರೀಮತಿಗೂ ಹಾಗೆಯೇ ಅನಿಸಿತ್ತು. ರಜೆ ಮುಗಿಯುವಾಗ ಇಬ್ಬರೂ ಬಸ್ಸಿನ ಹತ್ತಿರ ಹೋದರು. ಅವಳು ಮೊದಲು ಹತ್ತಿ ಸೀಟು ಹಿಡಿದು ತಿರುಗಿ ನೋಡಿದಳು. ಮಾಸ್ಟ್ರು ಮೆಟ್ಟಿಲ ಕೆಳಗೇ ಇದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಹಿಡಿಯಲು ಅಲ್ಲಿ ಬೀಗಿದ ಕೈ ಯಾವುದೂ ಇರಲಿಲ್ಲ. ಕಾಲು, ಹಿಂದಿನ ಹಾಗೆಯೇ, ನೆಲ ಬಿಡಲಿಲ್ಲ. ಕಂಡಕ್ಟರ್ ಸೀಟಿ ಊದಲು ಬಾಯಿಗೆ ಇಟ್ಟಿದ್ದ.

ಶ್ರೀಮತಿ ಎದ್ದು ಕೆಳಗೆ ಇಳಿದಳು.

"ಆಗುದಿಲ್ಲ ಶ್ರೀಮತಿ. ಅವತ್ತು ಹೇಗೆ ಆಯ್ತು ಅಂತ ನನಗೇ ಗೊತ್ತಿಲ್ಲ."

"ಆಗದಿದ್ರೆ ಬೇಡ. ನಡೀರಿ, ಕೇರಿಯರಿನಲ್ಲಿ ನಾನು ಕೂರ್ತೇನೆ. ಇಳಿಜಾರಿನಲ್ಲಿ ಇಬ್ಬರೂ ನಡೆಯುವ."

ಅವತ್ತಿನ ಆ ಪ್ರಯಾಣದ ಬಗ್ಗೆ ಬಂಟ್ವಾಳದಲ್ಲಿ ಜನ ಬಹಳ ಕಾಲ ಮಾತಾಡಿಕೊಂಡರು. ಶ್ರೀಮತಿ ತಲೆ ಎತ್ತಿಕೊಂಡೇ ಕೂತಿದ್ದಳಂತೆ.

ಹೆದರಿಕೆ ಹೋಗಲಿಲ್ಲ, ಇನ್ನೊಬ್ಬರನ್ನೂ ಹಿಡಿಯಿತು. ಹೇಮಚಂದ್ರರು ಮನೆಗೆ ಬಂದ ಮೇಲೆ ಬೇರೆಯೇ ಮನುಷ್ಯ. ಅಂಗಡಿಯಲ್ಲಿ ಒಂದು ನೊಣ ಗುಂಯ್ ಎಂದರೆ ಬಟ್ಟೆಯ ಥಾನು ಕೈಯಿಂದ ಬೀಳುತ್ತಿತ್ತು. ಸೆಕೆಯಲ್ಲೂ ಕಿಟಕಿ ತೆರೆಯಬಾರದು. ಅಂಗಳದ ಹೂವಿನ ಗಿಡಗಳನ್ನೆಲ್ಲ ಕಡಿಸಿದರು. ದೊಡ್ಡ ನಗು ಎಲ್ಲಿಯೋ ಹೋಯಿತು. ಒಂದು ಸಂಜೆ ಮಾಸ್ಟ್ರ ಹತ್ತಿರ ತಲೆ ತಗ್ಗಿಸಿ ಹೇಳಿದರು:

"ಹುಳುಗಳನ್ನು ಎಷ್ಟು ಕೊಂದೆ ಅಂತ ಲೆಕ್ಕ ಇಲ್ಲ. ಬಸದಿಯಲ್ಲಿ ಪ್ರಾಯಶ್ಚಿತ್ತ ಮಾಡಿದೆ. ಆದ್ರೆ ಅದು ಅಲ್ಲ ಮಾಸ್ಟ್ರೆ ಸಂಗತಿ. ನನಗೆ ಹೆದರಿಕೆ. ಹೊರಗೆ ಹೋಗ್ಲಿಕ್ಕೆ ಹೆದರಿಕೆ. ಮರ ಕಂಡ್ರೆ ಹೆದರಿಕೆ. ನಾಚಿಕೆ ಆಗ್ತದೆ ಹೇಳ್ಲಿಕ್ಕೆ."

"ನನ್ನ ಹತ್ರವಾ ನಾಚಿಕೆ?" ಎಂದರು ಮಾಸ್ಟ್ರು.

"ಇದು ಯಾವಾಗ ಹೋಗ್ತದೆ?"

ಸುಳ್ಳು ಹೇಳಲು ಮಾಸ್ಟ್ರಿಗೆ ಬಾಯಿ ಬರಲಿಲ್ಲ. "ನಂದು ಹೋಗ್ಲಿಲ್ಲ. ಹೋದ ಮೇಲೆ ಹೊರಡುವ ಅಂತ ಕೂತಿದ್ರೆ ನಾನು ಮದುವೆಗೇ ಹೋಗ್ತಿರ್ಲಿಲ್ಲ. ನಾಳೆ ಸೈಕಲ್ ತರ್ತೇನೆ. ಗೇಟಿನವರೆಗೆ ಹೋಗುವ, ಅಷ್ಟೆ."

ಮರುದಿನ ಗೇಟಿನವರೆಗೆ ಹೋದರು. ಆಮೇಲೆ ಕೆರೆಯವರೆಗೆ. ಹಾಗೆ ಒಂದು ಮಳೆಗಾಲ ಕಳೆದು, ಇನ್ನೊಂದು ಕಳೆದು, ೧೯೬೨ರ ಬೇಸಿಗೆಯಲ್ಲಿ ಇಬ್ಬರೂ ಮತ್ತೆ ಫಲ್ಗುಣಿಯ ಬದಿಯಲ್ಲಿ ವೇಣೂರಿಗೆ ಹೊರಟರು. ಈಗ ದಾರಿಯಲ್ಲಿ ಇಬ್ಬರು ನಿಲ್ಲುತ್ತಿದ್ದರು: ದೂರದಲ್ಲಿ ಹಾರ್ನ್ ಕೇಳಿದರೆ ಮಾಸ್ಟ್ರು, ದೊಡ್ಡ ಮರ ಕಂಡರೆ ಹೇಮಚಂದ್ರರು. ಒಬ್ಬರು ನಿಂತರೆ ಇನ್ನೊಬ್ಬರು ಪಕ್ಕದಲ್ಲಿ ಬಂದು ನಿಲ್ಲುವುದು; ಅವಸರ ಮಾಡುವ ಹಾಗಿಲ್ಲ.

ವೇಣೂರು ಇನ್ನೇನು ಬಂತು ಎನ್ನುವಾಗ, ಹಾದಿಯ ಮೇಲೆ ಕವಿದಂತೆ ಒಂದು ಕಾಟುಮಾವಿನ ಮರ ಸಿಕ್ಕಿತು. ತಡವಾಗಿ ಹೂ ಬಿಟ್ಟಿದ್ದ ಮರ. ಒಳಗಿನಿಂದ ಸಣ್ಣ ಗುಂಯ್‌ಗುಟ್ಟುವಿಕೆ. ಹೇಮಚಂದ್ರರು ಸೈಕಲ್ ನಿಲ್ಲಿಸಿದರು. ಮುಖ ಬಿಳುಚಿತು.

ಮಾಸ್ಟ್ರು ಮರದ ಕೆಳಗೆ ಹೋಗಿ, ಕತ್ತೆತ್ತಿ, ಕೊಂಬೆ ಕೊಂಬೆ ಹುಡುಕಿ ನೋಡಿದರು. ಅವರಿಗೂ ಬೆನ್ನಿನಲ್ಲಿ ಚಳಿ ಹರಿದಿತ್ತು. ತಿರುಗಿ ಬಂದರು.

"ಹೆಜ್ಜೇನು ಇಲ್ಲ. ಸಣ್ಣ ಹುಳ, ಹೂವಿಗೆ ಬಂದದ್ದು."

"ಖಂಡಿತವಾ?"

"ಖಂಡಿತ. ಆದ್ರೂ ಬೇಡ ಅಂತಾದ್ರೆ ಬೇಡ. ಆ ಗದ್ದೆಯಲ್ಲಿ ಸುತ್ತು ಹಾಕಿ ಹೋಗುವ."

ಹೇಮಚಂದ್ರರು ಬಹಳ ಹೊತ್ತು ಮರ ನೋಡಿದರು, ಗದ್ದೆ ನೋಡಿದರು. ಆಮೇಲೆ ಸೈಕಲ್ಲಿನಿಂದ ಇಳಿದು, ಅದನ್ನು ಹೆಗಲಿಗೆ ಎತ್ತಿಕೊಂಡು, ಗದ್ದೆಯ ಕಡೆಗೆ ಹೊರಟರು. ಮಾಸ್ಟ್ರೂ ತಮ್ಮದನ್ನು ಎತ್ತಿಕೊಂಡರು. ಕಟಾವಾದ ಗದ್ದೆಯ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಇಬ್ಬರೂ ಒಬ್ಬರ ಹಿಂದೆ ಒಬ್ಬರು, ಮರದ ನೆರಳನ್ನು ದೂರದಿಂದಲೇ ಬಳಸಿಕೊಂಡು, ಆಚೆಯ ಹಾದಿಗೆ ನಡೆದರು.